ಹಲ್ಲಿಗೆ ಕ್ಯಾಪ್ ಏಕೆ? ನೋವು ಹೋದ ಮೇಲೆ ಉಳಿಯುವ ಕೆಲಸ

(ದಂತ ಆರೋಗ್ಯ ತಿಳಿವಳಿಕೆ ಕಾರ್ಯಕ್ರಮದಲ್ಲಿ ದಂತವೈದ್ಯರು ನೀಡಿದ ಉಪನ್ಯಾಸ)



ದಂತ ವಿಭಾಗದಲ್ಲಿ ನಾವು ದಿನವೂ ಕೇಳುವ ಒಂದು ಮಾತಿದೆ. ರೂಟ್ ಕೆನಾಲ್ ಮುಗಿಸಿ, “ಈ ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಬೇಕು, ಮುಂದಿನ ವಾರ ಬನ್ನಿ” ಎಂದರೆ, “ನೋವೇ ಇಲ್ವಲ್ಲ ಡಾಕ್ಟ್ರೇ, ಇನ್ನೇನಕ್ಕೆ?” ಎನ್ನುತ್ತಾರೆ. ಅರಿಶಿನ ಕೀಳುವ ಕಾಲ, ಚೆಂಡುಹೂವು ಬಿಡಿಸುವ ಕಾಲ, ಮನೆಯಲ್ಲಿ ಮದುವೆ, ಕೈಯಲ್ಲಿ ಕಾಸಿಲ್ಲ ಎಂಬ ಕಾರಣಗಳೂ ನಿಜವಾದವೇ. ಆದರೆ ಆರು ತಿಂಗಳೋ ವರ್ಷವೋ ಕಳೆದ ಮೇಲೆ ಅವರಲ್ಲಿ ಕೆಲವರು ಮತ್ತೆ ಬರುತ್ತಾರೆ. “ಹುರಿಗಾಳು ಕಡಿದೆ, ಟಕ್ ಅಂತು” ಎನ್ನುತ್ತಾರೆ. ನೋಡಿದರೆ ಹಲ್ಲು ಬೇರಿನವರೆಗೂ ಸೀಳಿರುತ್ತದೆ. ಆಗ ಕೀಳುವುದೊಂದೇ ದಾರಿ. ಖರ್ಚು ಮಾಡಿದ ಹಣವೂ ಹೋಯಿತು, ಹಲ್ಲೂ ಹೋಯಿತು. ಹೀಗಾಗಬಾರದೆಂದು ಇಂದು ಕ್ಯಾಪ್ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಕ್ಯಾಪ್ ಮಾಡುವ ಕೆಲಸವೇನು?

ಹಲ್ಲಿನ ಹೊರಗಿರುವ ಬಿಳಿಯ ಪದರಕ್ಕೆ ಎನಾಮಲ್ ಎನ್ನುತ್ತಾರೆ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಆದರೆ ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಒಡೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹುಳುಕು ಒಳಗಿನ ನರವನ್ನು ಮುಟ್ಟಿದಾಗ ನಿದ್ದೆ ಕೆಡಿಸುವ ನೋವು ಬರುತ್ತದೆ. ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಕೆಟ್ಟ ನರವನ್ನು ತೆಗೆದು, ಬೇರಿನ ನಾಳವನ್ನು ಶುಚಿ ಮಾಡಿ ಮುಚ್ಚುತ್ತೇವೆ. ನೋವು ನಿಲ್ಲುತ್ತದೆ. ಆದರೆ ಹುಳುಕು ತಿಂದದ್ದು, ಚಿಕಿತ್ಸೆಗಾಗಿ ಕೊರೆದದ್ದು ಎಲ್ಲ ಕಳೆದು ಉಳಿಯುವುದು ತೆಳುವಾದ ಗೋಡೆ ಮಾತ್ರ. ನಡುವೆ ತುಂಬಿದ ಸಿಮೆಂಟು ಗುಂಡಿಯನ್ನು ಮುಚ್ಚುತ್ತದೆ. ಅಗಿಯುವಾಗ ಬೀಳುವ ಭಾರಕ್ಕೆ ಗೋಡೆಗಳು ಬಿರಿಯದಂತೆ ತಡೆಯಲು ಅದೊಂದೇ ಸಾಲದು.

ಮನೆಯ ಹಳೆಯ ಒನಕೆಯನ್ನು ನೆನಪಿಸಿಕೊಳ್ಳಿ. ಅದರ ತುದಿಗೆ ಕಬ್ಬಿಣದ ಅಣಸು ಹಾಕಿರುತ್ತಿದ್ದರು. ಅಣಸಿಲ್ಲದೆ ಕುಟ್ಟಿದರೆ ಮರ ಸೀಳುತ್ತದೆ. ದವಡೆ ಹಲ್ಲಿಗೆ ಕ್ಯಾಪ್ ಮಾಡುವುದು ಇದೇ ಕೆಲಸ. ಹಲ್ಲನ್ನು ಸುತ್ತಲೂ ಬಿಗಿಯಾಗಿ ಹಿಡಿದು, ಭಾರ ಒಂದೇ ಕಡೆ ಬೀಳದಂತೆ ಕಾಪಾಡುತ್ತದೆ.

ಇನ್ನೊಂದು ಮಾತು. ಅಣಸು ಕೂರಲು ಮರ ಉಳಿದಿರಬೇಕಲ್ಲವೆ? ಹಾಗೆಯೇ ಕ್ಯಾಪ್ ಗಟ್ಟಿಯಾಗಿ ನಿಲ್ಲಲು ಒಸಡಿನಿಂದ ಮೇಲೆ ಸುತ್ತಲೂ ಸುಮಾರು 2 ಮಿ.ಮೀ. ಗಟ್ಟಿ ಹಲ್ಲು ಉಳಿದಿರಬೇಕು. ನರ ತೆಗೆದ ಹಲ್ಲಿನೊಳಗೆ ಮತ್ತೆ ಹುಳುಕು ಹಿಡಿದರೂ ಅದು ಮೊದಲಿನಂತೆ ಜುಮ್ಮೆನ್ನುವುದಿಲ್ಲ. ಆದ್ದರಿಂದ “ನೋವು ಬಂದರೆ ಹೋಗೋಣ” ಎಂದು ಕಾದರೆ ತಡವಾಗಿಬಿಡುತ್ತದೆ.

ಯಾರಿಗೆ ಬೇಕು, ಯಾರಿಗೆ ಬೇಡ?

ರೂಟ್ ಕೆನಾಲ್ ಆದ ದವಡೆ ಹಲ್ಲುಗಳಿಗೆ ಸಾಮಾನ್ಯವಾಗಿ ಬೇಕು. ಬಿದ್ದು ಅಥವಾ ಪೆಟ್ಟು ತಗುಲಿ ಅರ್ಧ ಮುರಿದ ಹಲ್ಲಿಗೆ, ಸೀಳು ಬಿಟ್ಟ ಹಲ್ಲಿಗೆ, ಸಿಮೆಂಟು ಮತ್ತೆ ಮತ್ತೆ ಬಿದ್ದುಹೋಗುವ ದೊಡ್ಡ ಗುಂಡಿಯ ಹಲ್ಲಿಗೆ, ರಾತ್ರಿ ಹಲ್ಲು ಕಡಿಯುವ ಅಭ್ಯಾಸದಿಂದ ತೀರ ಸವೆದ ಹಲ್ಲಿಗೆ ಬೇಕಾಗಬಹುದು. ಮಕ್ಕಳ ಹಾಲುಹಲ್ಲಿನ ದವಡೆಗೂ ಸ್ಟೀಲ್ ಕ್ಯಾಪ್ ಹಾಕುತ್ತೇವೆ. “ಹೇಗೂ ಬಿದ್ದುಹೋಗುವ ಹಲ್ಲು” ಎಂದು ಅಸಡ್ಡೆ ಬೇಡ. ಹೊಸ ಹಲ್ಲಿಗೆ ಜಾಗ ಹಿಡಿದಿಡುವುದು ಅದೇ.

ಚಿಕ್ಕ ಹುಳುಕಿಗೆ ಕ್ಯಾಪ್ ಬೇಡ, ಸಿಮೆಂಟು ಸಾಕು. ಮುಂದಿನ ಹಲ್ಲಿನಲ್ಲಿ ಗುಂಡಿ ಚಿಕ್ಕದಿದ್ದರೆ ರೂಟ್ ಕೆನಾಲ್ ಆದ ಮೇಲೂ ಕೆಲವೊಮ್ಮೆ ಬೇಕಾಗುವುದಿಲ್ಲ. ಒಸಡಿನ ರೋಗದಿಂದ ಅಲ್ಲಾಡುವ ಹಲ್ಲಿಗೆ ಮೊದಲು ಒಸಡಿನ ಚಿಕಿತ್ಸೆಯಾಗಬೇಕು. ಬೆಳ್ಳಗೆ ಕಾಣಲೆಂದು ಮಾತ್ರ ಗಟ್ಟಿ ಹಲ್ಲನ್ನು ಉಜ್ಜಿಸಿ ಕ್ಯಾಪ್ ಹಾಕಿಸಿಕೊಳ್ಳಬೇಡಿ. ಉಜ್ಜಿ ತೆಗೆದದ್ದು ಮತ್ತೆ ಬರುವುದಿಲ್ಲ.

ಹೇಗೆ ಹಾಕುತ್ತಾರೆ?

ಸಾಮಾನ್ಯವಾಗಿ ಎರಡು ಭೇಟಿಯ ಕೆಲಸ. ಮೊದಲ ದಿನ ಬೇಕಿದ್ದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕ್ಯಾಪ್ ಕೂರುವಷ್ಟು ಅಂದರೆ ಸುತ್ತಲೂ 1ರಿಂದ 2 ಮಿ.ಮೀ.ನಷ್ಟು ಹಲ್ಲನ್ನು ಉಜ್ಜುತ್ತೇವೆ. ಆಮೇಲೆ ಅಳತೆ ತೆಗೆದು ಲ್ಯಾಬಿಗೆ ಕಳಿಸುತ್ತೇವೆ. ಕ್ಯಾಪ್ ತಯಾರಾಗಿ ಬರಲು ಹೆಚ್ಚು ಕಡಿಮೆ ಒಂದು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ತಾತ್ಕಾಲಿಕ ಕ್ಯಾಪ್ ಇದ್ದರೆ ಆ ಕಡೆಯಿಂದ ಗಟ್ಟಿ ಪದಾರ್ಥ, ಅಂಟು ಮಿಠಾಯಿ ಅಗಿಯಬೇಡಿ. ಎರಡನೆಯ ದಿನ ಕಚ್ಚಿಸಿ ನೋಡಿ, ಸರಿಪಡಿಸಿ, ಸಿಮೆಂಟಿನಿಂದ ಕೂರಿಸುತ್ತೇವೆ. “ಎತ್ತರವಾಯಿತು” ಅನ್ನಿಸಿದರೆ ಸಂಕೋಚಪಡದೆ ಆಗಲೇ ಹೇಳಿ. ಮನೆಗೆ ಹೋದ ಮೇಲೆ ಅನ್ನಿಸಿದರೂ ಬಂದು ಸರಿಮಾಡಿಸಿಕೊಳ್ಳಿ.

ಯಾವ ಕ್ಯಾಪ್ ಒಳ್ಳೆಯದು?

ಪೂರ್ತಿ ಲೋಹದ ಕ್ಯಾಪ್ ಗಟ್ಟಿ, ಬೆಲೆ ಕಡಿಮೆ, ಹಲ್ಲನ್ನು ಉಜ್ಜುವುದೂ ಕಡಿಮೆ. ಬಣ್ಣ ಬೆಳ್ಳಿಯಂತೆ. ಹಿಂದಿನ ದವಡೆಗೆ ಇದು ಚೆನ್ನಾಗಿಯೇ ಆಗುತ್ತದೆ. ಗಿಲೀಟು ಓಲೆ ಹಾಕಿದರೆ ಕಿವಿ ತುರಿಸಿ ಹುಣ್ಣಾಗುವವರು ಮೊದಲೇ ತಿಳಿಸಿ. ಅಂಥವರಿಗೆ ನಿಕ್ಕಲ್ ಇಲ್ಲದ ಲೋಹವನ್ನೋ ಬೇರೆ ವಸ್ತುವನ್ನೋ ಆರಿಸಬೇಕು. ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಕ್ಯಾಪ್ ಹಲ್ಲಿನ ಬಣ್ಣದ್ದು. ಅದರ ಪಿಂಗಾಣಿ ಕೆಲವೊಮ್ಮೆ ಚೂರು ಹಾರಬಹುದು, ಒಸಡಿನ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು. ಜಿರ್ಕೋನಿಯಾ ಕ್ಯಾಪ್‌ನಲ್ಲಿ ಲೋಹದ ಕಪ್ಪು ಇಲ್ಲ, ಗಟ್ಟಿಯೂ ಹೌದು, ಆದರೆ ಬೆಲೆ ಹೆಚ್ಚು. ದುಬಾರಿಯದು ಸಿಗಲಿಲ್ಲವೆಂದು ಕ್ಯಾಪ್ ಹಾಕಿಸದೇ ಬಿಡುವುದಕ್ಕಿಂತ ಲೋಹದ್ದು ಹಾಕಿಸಿಕೊಳ್ಳುವುದು ಎಷ್ಟೋ ಮೇಲು.

ರೂಟ್ ಕೆನಾಲ್ ಆರಂಭಿಸುವ ಮೊದಲೇ “ಕ್ಯಾಪ್ ಸೇರಿ ಒಟ್ಟು ಎಷ್ಟಾಗುತ್ತದೆ, ಎಷ್ಟು ಸಲ ಬರಬೇಕು?” ಎಂದು ಕೇಳಿ. ಅದು ನಿಮ್ಮ ಹಕ್ಕು. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಭಾಗಕ್ಕೆ ಹತ್ತಿರವೆಂದರೆ ಸುಮಾರು 60 ಕಿ.ಮೀ. ದೂರದ ಮೈಸೂರು. ಅಲ್ಲಿನ ಜೆ.ಎಸ್.ಎಸ್. ದಂತ ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾದದ್ದು.

ಕಿತ್ತರೆ ಆಗುವುದೇನು?

“ಮುದ್ದೆ ನುಂಗೋರಿಗೆ ಹಲ್ಲು ಯಾಕೆ?” ಎಂದು ಹಿರಿಯರು ತಮಾಷೆ ಮಾಡುತ್ತಾರೆ. ಮುದ್ದೆ ನುಂಗಬಹುದು, ಸಾರಿನ ಹುರುಳಿಕಾಳು, ಸೊಪ್ಪು, ತರಕಾರಿ ಅಗಿಯಬೇಕಲ್ಲ. ಒಂದು ಹಲ್ಲು ಕಿತ್ತರೆ ಪಕ್ಕದವು ಆ ಕಡೆಗೆ ವಾಲುತ್ತವೆ, ಎದುರಿನದು ಇಳಿಯುತ್ತದೆ ಅಥವಾ ಏಳುತ್ತದೆ. ಬ್ರಿಡ್ಜ್ ಕಟ್ಟಿಸಬೇಕೆಂದರೆ ಎರಡೂ ಪಕ್ಕದ ಒಳ್ಳೆಯ ಹಲ್ಲುಗಳನ್ನು ಉಜ್ಜಬೇಕು. 2014ರಲ್ಲಿ ಕರ್ನಾಟಕ ಸರ್ಕಾರ ಹಲ್ಲಿಲ್ಲದ ಬಡ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ಟು ಕೊಡಲು ‘ದಂತ ಭಾಗ್ಯ’ ಯೋಜನೆ ಆರಂಭಿಸಿತು. ಬಾಯಿ ಬರಿದಾದವರಿಗೆ ಅದು ದೊಡ್ಡ ಉಪಕಾರವೇ. ಆದರೂ ಸೆಟ್ಟು ಹಲ್ಲಿನಿಂದ ಕಡಿಯುವ ಬಲ ಸ್ವಂತ ಹಲ್ಲಿನದರ ಸುಮಾರು ಕಾಲುಭಾಗ ಮಾತ್ರ.

ಕ್ಯಾಪ್ ಆದ ಮೇಲಿನ ಆರೈಕೆ

ಕ್ಯಾಪ್‌ಗೆ ಹುಳುಕು ಹಿಡಿಯುವುದಿಲ್ಲ, ಅದರೊಳಗಿನ ಹಲ್ಲಿಗೆ ಹಿಡಿಯುತ್ತದೆ. ಕ್ಯಾಪ್ ಮತ್ತು ಒಸಡು ಸೇರುವ ಅಂಚೇ ಕಳ್ಳನ ದಾರಿ.

• ಬೆಳಿಗ್ಗೆ ಮತ್ತು ರಾತ್ರಿ ಮೆತ್ತನೆಯ ಬ್ರಷ್, ಫ್ಲೋರೈಡ್ ಪೇಸ್ಟಿನಿಂದ ಆ ಅಂಚನ್ನು ಉಜ್ಜಿ. ಇದ್ದಿಲು, ಇಟ್ಟಿಗೆ ಪುಡಿ ಬೇಡ.
• ಅಡಿಕೆ ಕಡಿಯುವುದು, ಕಬ್ಬು ಸಿಗಿಯುವುದು, ಹಲ್ಲಿನಿಂದ ಸೋಡಾ ಬಾಟಲಿ ತೆಗೆಯುವುದು ಬೇಡ.
• ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕುವುದನ್ನು ಬಿಡಿ. ಹೊಗೆಸೊಪ್ಪೂ ಅಡಿಕೆಯೂ ಬಾಯಿ ಕ್ಯಾನ್ಸರ್‌ಗೆ ಕಾರಣ. ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ಕೂಡಲೇ ತೋರಿಸಿ.
• ಸಕ್ಕರೆ ಕಾಯಿಲೆ ಇರುವವರು ಅದನ್ನು ಹತೋಟಿಯಲ್ಲಿಡಿ. ಒಸಡು ಹಾಳಾದರೆ ಕ್ಯಾಪ್ ಹಾಕಿದ ಹಲ್ಲೂ ನಿಲ್ಲದು.
• ಕ್ಯಾಪ್ ಕಳಚಿದರೆ ಎಸೆಯಬೇಡಿ, ಅಂಗಡಿಯ ಅಂಟು ಹಾಕಿ ಕೂರಿಸಿಕೊಳ್ಳಲೂಬೇಡಿ. ಕಾಗದದಲ್ಲಿ ಸುತ್ತಿಕೊಂಡು ಬೇಗ ಬನ್ನಿ. ಎಷ್ಟೋ ಸಲ ಅದನ್ನೇ ಮತ್ತೆ ಕೂರಿಸಬಹುದು.
• ಆರು ತಿಂಗಳಿಗೊಮ್ಮೆ ತೋರಿಸಿ. ಚೆನ್ನಾಗಿ ನೋಡಿಕೊಂಡರೆ ಕ್ಯಾಪ್ ಸಾಮಾನ್ಯವಾಗಿ 10ರಿಂದ 15 ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬಾಳುತ್ತದೆ.

ಈಗಾಗಲೇ ರೂಟ್ ಕೆನಾಲ್ ಮಾಡಿಸಿಕೊಂಡು ಕ್ಯಾಪ್ ಬಾಕಿ ಉಳಿಸಿಕೊಂಡವರು ಈ ಸಭೆಯಲ್ಲೂ ಇರಬಹುದು. ಹೂವಿನ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಈ ವಾರವೇ ಒಮ್ಮೆ ತೋರಿಸಿ. ಗೋಡೆ ನಿಂತಿರುವಾಗಲೇ ಕ್ಯಾಪ್ ಹಾಕಿಸಿದರೆ ನಿಮ್ಮ ಹಲ್ಲು ನಿಮ್ಮ ಬಾಯಲ್ಲೇ ಉಳಿಯುತ್ತದೆ.