ವಿಧ್ಯುಕ್ತ ಎಂಬ ಮಾತು
(ವಾಚನಾಲಯದ ವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ಯಾವ ಸಮಾರಂಭದ ವರದಿ ಓದಿದರೂ ‘ವಿಧ್ಯುಕ್ತವಾಗಿ ನೆರವೇರಿತು’ ಎಂಬ ಮಾತು ಕಣ್ಣಿಗೆ ಬೀಳುತ್ತದೆ. ವಿಧಿ ಎಂದರೆ ಕಟ್ಟಳೆ. ಉಕ್ತ ಎಂದರೆ ಹೇಳಿದ್ದು. ಕಟ್ಟಳೆ ಹೇಳಿದಂತೆ ನಡೆದದ್ದು ವಿಧ್ಯುಕ್ತ. ಓಲಗ, ಹಾರ, ದೀಪಾಲಂಕಾರ, ಊಟದ ಎಲೆಗಳ ಲೆಕ್ಕ, ಇವು ಯಾವುವೂ ಈ ಮಾತಿನ ಅರ್ಥದಲ್ಲಿ ಸೇರಿಲ್ಲ.

ನಮ್ಮ ಆಡುಮಾತಿನಲ್ಲಿ ಇದಕ್ಕೆ ನೆರೆಯ ಪದವೊಂದಿದೆ: ಶಾಸ್ತ್ರ. ಅರಿಸಿನದ ಶಾಸ್ತ್ರ ಎಂದಾಗ ಅದು ಗೌರವದ ಮಾತು. ‘ಶಾಸ್ತ್ರಕ್ಕೆ ಎರಡು ತುತ್ತು ಉಂಡ’ ಎಂದಾಗ ಮನಸ್ಸಿಲ್ಲದೆ ಮಾಡಿದ ಕೆಲಸ. ವಿಧಿಯೊಳಗಿನ ಗಾಂಭೀರ್ಯ ಹೋದರೆ ಉಳಿಯುವುದು ಬರಿಯ ತೋರಿಕೆ ಎಂಬುದನ್ನು ನಮ್ಮ ಹಿರಿಯರು ಒಂದೇ ಪದದಲ್ಲಿ ಹೇಳಿಟ್ಟಿದ್ದಾರೆ.

ಇದು ಪಂಡಿತರಿಗೆ ಬಿಡತಕ್ಕ ಚರ್ಚೆಯಲ್ಲ. 1955ರ ಹಿಂದೂ ವಿವಾಹ ಕಾನೂನಿನಲ್ಲಿ ‘ಸಾಲಮ್ನೈಸ್’ ಎಂಬ ಇಂಗ್ಲಿಷ್ ಪದವಿದೆ. ಗಾಂಭೀರ್ಯ, ವಿಧಿ ಎರಡೂ ಅದರಲ್ಲಿ ಅಡಗಿವೆ. ನಮ್ಮ ಮಹಾರಾಷ್ಟ್ರದಿಂದಲೇ ಹೋದ ಭಾವುರಾವ್ ಲೋಖಂಡೆ ಎಂಬವರ ಮೊಕದ್ದಮೆಯಲ್ಲಿ, 1965ರಲ್ಲಿ, ಸುಪ್ರೀಂ ಕೋರ್ಟು ಈ ಪದದ ಅರ್ಥವನ್ನು ನಿಘಂಟು ತೆಗೆದು ನೋಡಿತು. ಹೆಂಡತಿ ಬದುಕಿರುವಾಗಲೇ ಅವರು ಎರಡನೆಯ ಮದುವೆಯಾದರೆಂಬುದು ದೂರು. ತಕ್ಕ ವಿಧಿಗಳೊಡನೆ, ಸರಿಯಾದ ಕ್ರಮದಲ್ಲಿ ನಡೆದರೆ ಮಾತ್ರ ಆ ಪದ ಸಲ್ಲುತ್ತದೆ ಎಂದಿತು ನ್ಯಾಯಾಲಯ. ಎರಡನೆಯ ಮದುವೆಯಲ್ಲಿ ಮುಖ್ಯ ವಿಧಿಗಳು ನಡೆದದ್ದು ಸಿದ್ಧವಾಗಲಿಲ್ಲ, ಶಿಕ್ಷೆ ರದ್ದಾಯಿತು. ದೂರು ಕೊಟ್ಟ ಮೊದಲ ಹೆಂಡತಿ ಬರಿಗೈಯಲ್ಲಿ ಮರಳಬೇಕಾಯಿತು. ಒಂದು ಪದದ ಅರ್ಥಕ್ಕೆ ಎಷ್ಟು ತೂಕವಿದೆ ನೋಡಿ!

2024ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮೊಕದ್ದಮೆಯಲ್ಲಿ ಇದನ್ನೇ ಮತ್ತೆ ಹೇಳಿತು. ಹಿಂದೂ ವಿವಾಹ ಕಾನೂನಿನ ಕೆಳಗೆ ವಿಧಿ ನಡೆಯದೆ ಬರಿಯ ಸರ್ಟಿಫಿಕೇಟು ಪಡೆದರೆ ಮದುವೆಯಾಗುವುದಿಲ್ಲ. ಅಲ್ಲಿ ನೋಂದಣಿ ಎಂಬುದು ಆದ ಮದುವೆಗೆ ಸಾಕ್ಷಿ ಮಾತ್ರ.

ಮುಂಬಯಿಯಲ್ಲಿ ದುಡಿಯುವ ನಮಗೆ ಇದು ಹತ್ತಿರದ ವಿಷಯ. ಖೋಲಿಯ ಬಾಡಿಗೆಗೆ, ಸಾಲಕ್ಕೆ, ಪಾಸ್‌ಪೋರ್ಟಿಗೆ ಕಾಗದ ಬೇಕು. ‘ಈಗ ಸಹಿ ಹಾಕೋಣ, ಊರಿಗೆ ಹೋದಾಗ ಅಕ್ಷತೆ ಹಾಕಿಸಿಕೊಳ್ಳೋಣ’ ಎನ್ನುವ ತರುಣರಿದ್ದಾರೆ. ರಜೆ ಸಿಗುವುದಿಲ್ಲ, ಹಣ ಕೂಡುವುದಿಲ್ಲ, ವರ್ಷಗಳು ಉರುಳುತ್ತವೆ. ಗಿರಣಿಯ ಕಚೇರಿಯಲ್ಲಿ ಪ್ರಾವಿಡೆಂಟ್ ಫಂಡಿನ ಕಾಗದಗಳನ್ನು ಬರೆಯುವ ನಮಗೆ ‘ಹೆಂಡತಿ’ ಎಂಬ ಒಂದು ಕಲಮಿನ ಬೆಲೆ ಗೊತ್ತು. ಗಂಡ ಕಣ್ಮುಚ್ಚಿದ ದಿನ, ಅಥವಾ ಕೈಬಿಟ್ಟ ದಿನ, ‘ನಿಮ್ಮ ಮದುವೆ ಎಲ್ಲಿ ಆಯಿತು?’ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದವಳು ಆ ಹೆಣ್ಣುಮಗಳು.

ಹಾಗಾದರೆ ಸಾಲ ಮಾಡಿ ಹಾಲ್ ಹಿಡಿಯಬೇಕೇ? ಬೇಡ. ವಧೂವರರಲ್ಲಿ ಒಬ್ಬರ ಕಡೆಯ ಆಚಾರದಂತೆ ಮದುವೆ ನಡೆಯಬಹುದೆಂದು ಕಾನೂನೇ ಹೇಳುತ್ತದೆ. ನಿಮ್ಮ ಮನೆತನದ ಆಚಾರದಲ್ಲಿ ಬಿಡಬಾರದ್ದು ಯಾವುದೆಂದು ಹಿರಿಯರನ್ನು ಕೇಳಿ, ಅದನ್ನು ನಾಲ್ಕು ಜನರ ಎದುರಿಗೆ ಮಾಡಿ, ಆಮೇಲೆ ನೋಂದಾಯಿಸಿ.

ಪುರೋಹಿತರೂ ಮಂತ್ರವೂ ಬೇಡ ಎನ್ನುವವರಿಗೆ 1954ರ ವಿಶೇಷ ವಿವಾಹ ಕಾನೂನಿದೆ. ಮೂವತ್ತು ದಿನಗಳ ನೋಟೀಸು, ಮೂವರು ಸಾಕ್ಷಿಗಳು. ಆದರೆ ಅಲ್ಲಿಯೂ ಬರಿಯ ಸಹಿ ಸಾಲದು. ‘ನಿನ್ನನ್ನು ಕಾನೂನಿನ ಪ್ರಕಾರ ವರಿಸುತ್ತೇನೆ’ ಎಂಬರ್ಥದ ಮಾತನ್ನು ಅಧಿಕಾರಿಯ ಎದುರಿಗೆ ಇಬ್ಬರೂ ಬಾಯಿಬಿಟ್ಟು ಆಡಬೇಕು. ಇಬ್ಬರಿಗೂ ತಿಳಿಯುವ ಯಾವ ಭಾಷೆಯಲ್ಲಾದರೂ ಆಡಬಹುದು, ಕನ್ನಡದಲ್ಲಿಯೂ ಆಡಬಹುದು.

ಅಗ್ನಿಯ ಮುಂದೆಯೋ ಅಧಿಕಾರಿಯ ಮುಂದೆಯೋ, ತಿಳಿದು ಆಡಿದ ಮಾತು, ಕೇಳಿಸಿಕೊಂಡ ಸಾಕ್ಷಿ, ಈ ಎರಡು ಇದ್ದಲ್ಲಿ ಗಾಂಭೀರ್ಯ ಇರುತ್ತದೆ. ಖರ್ಚನ್ನು ಎಷ್ಟು ಬೇಕಾದರೂ ಇಳಿಸೋಣ; ವಿಧಿಯನ್ನು ಮಾತ್ರ ಶಾಸ್ತ್ರಕ್ಕೆ ಮಾಡದಿರೋಣ.