ಸರೋವರಗಳ ಸೀಮೆಯಲ್ಲಿ ಒಂದು ಸುತ್ತು

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಲೇಕ್ ಡಿಸ್ಟ್ರಿಕ್ಟ್ ಎಂಬ ಬೆಟ್ಟಸೀಮೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ವರ್ಡ್ಸ್‌ವರ್ತ್ ಬಾಳಿ ಬರೆದ ನಾಡು ಅದು. ನಮ್ಮ ನವೋದಯದ ಹಿರಿಯರು ಅವನನ್ನು ಓದಿ, ಅರಗಿಸಿಕೊಂಡು, ಬಳಿಕ ತಮ್ಮ ತಮ್ಮ ಕಾಡುಗುಡ್ಡಗಳನ್ನು ಹೊಸ ಕಣ್ಣಿನಿಂದ ನೋಡಿದರು. ತರಗತಿಗಳಲ್ಲಿ ಇದನ್ನೆಲ್ಲ ನಾವು ನಿಸರ್ಗ ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ. ಕಳೆದ ಬೇಸಗೆಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಆ ನಿಸರ್ಗದ ನಡುವೆ ಒಂದು ಇಡೀ ದಿನ ಸೈಕಲ್ ತುಳಿಯುವ ಅವಕಾಶ ನನಗೆ ಒದಗಿತು. ಅಲ್ಲಿ ಕಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮನುಷ್ಯರ ದುಡಿಮೆ, ಮನುಷ್ಯರ ಜಗಳ. ಅದನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಕೆಸಿಕ್ ಎಂಬ ಪೇಟೆಯಿಂದ ಹೊರಟು, ಡರ್ವೆಂಟ್‌ವಾಟರ್ ಸರೋವರದ ಪೂರ್ವದ ದಂಡೆಯಗುಂಟ ಸಾಗಿ ಬಾರೋಡೇಲ್ ಕಣಿವೆಯನ್ನು ಹೊಕ್ಕು, ಹೊನಿಸ್ಟರ್ ಘಾಟಿಯನ್ನು ಹತ್ತಿ ಇಳಿದು, ಬಟರ್‌ಮಿಯರ್ ಸರೋವರದ ಪಕ್ಕದಲ್ಲಿ ಹಾದು, ನ್ಯೂಲ್ಯಾಂಡ್ಸ್ ಎಂಬ ಇನ್ನೊಂದು ಘಾಟಿಯ ಮೂಲಕ ಮರಳಿ ಕೆಸಿಕ್ ಸೇರುವುದು ಅಲ್ಲಿನ ಸೈಕಲ್ ಸವಾರರಿಗೆ ಬಳಕೆಯ ಸುತ್ತು. ಒಟ್ಟು ಸುಮಾರು 36 ಕಿಲೋಮೀಟರು. ಬಯಲುಸೀಮೆಯವನ ಕಿವಿಗೆ ಇದೇನೂ ದೊಡ್ಡ ಅಂಕಿಯಲ್ಲ. ಹುಡುಗನಾಗಿದ್ದಾಗ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಕಲಿತು, ಮುಂದೆ ಕಾಲೇಜಿಗೆ ದಿನವೂ ಹೋಗಿಬಂದವನು ನಾನು. ಅಳಿಯ ಮಾತ್ರ ನನ್ನ ವಯಸ್ಸನ್ನು ಎಣಿಸಿ, "ಮಾವ, ಬ್ಯಾಟರಿ ಇರುವ ಸೈಕಲ್ಲೇ ತೆಗೆದುಕೊಳ್ಳೋಣ" ಎಂದರು. ನಾನು ಒಪ್ಪಲಿಲ್ಲ. ಅದು ಜಂಬವಲ್ಲ, ಏರು ಏರಾಗಿಯೇ ಕಾಲಿಗೆ ತಿಳಿಯಲಿ ಎಂಬ ಆಸೆ.

ಕೆಸಿಕ್‌ನಲ್ಲಿ ಗ್ರೀಟಾ ಹಾಲ್ ಎಂಬ ಮನೆಯಿದೆ. 1800ರಲ್ಲಿ ಕೋಲ್‌ರಿಜ್ ಅಲ್ಲಿಗೆ ಬಂದು ನೆಲೆಸಿದ. 1803ರಿಂದ 1843ರಲ್ಲಿ ಸಾಯುವವರೆಗೆ ರಾಬರ್ಟ್ ಸೌಥಿ ಅಲ್ಲಿದ್ದ. ನಮ್ಮ ದೇಶವನ್ನು ಕಣ್ಣಾರೆ ಕಾಣದ ಈ ಸೌಥಿ, ಯಜ್ಞಬಲದಿಂದ ಮೂರು ಲೋಕವನ್ನೂ ಗೆಲ್ಲಹೊರಟ ರಾಜನೊಬ್ಬನ ಕತೆಯನ್ನು ನಮ್ಮ ಪುರಾಣಗಳ ಮಾದರಿಯಲ್ಲಿ ಹೆಣೆದು, 'ದಿ ಕರ್ಸ್ ಆಫ್ ಕೆಹಾಮಾ' ಎಂಬ ದೀರ್ಘಕಾವ್ಯವಾಗಿ 1810ರಲ್ಲಿ ಪ್ರಕಟಿಸಿದ. ಅದನ್ನು ಇಂದು ಓದುವವರು ವಿರಳ; ಓದದವರನ್ನು ದೂರುವಂತೆಯೂ ಇಲ್ಲ.

ಸರೋವರದ ದಂಡೆಯ ರಸ್ತೆ ಸಪಾಟಾಗಿದೆ. ನೀರಿನ ಆಚೆ ಕ್ಯಾಟ್‌ಬೆಲ್ಸ್ ಬೆಟ್ಟ, ಅದರ ಬುಡದಲ್ಲಿ ಬ್ರಾಂಡಲ್‌ಹೌ ಎಂಬ ತೋಪು. ಈ ತೋಪನ್ನು 1902ರಲ್ಲಿ ಜನರಿಂದ ವಂತಿಗೆ ಎತ್ತಿ ಕೊಂಡು, ಯಾರು ಬೇಕಾದರೂ ಬಂದು ಅಡ್ಡಾಡುವಂತೆ ಬಿಟ್ಟರು. ಅದನ್ನು ಕೊಂಡದ್ದು ನ್ಯಾಷನಲ್ ಟ್ರಸ್ಟ್. 1895ರಲ್ಲಿ ಆ ಸಂಸ್ಥೆಯನ್ನು ಕಟ್ಟಿದ ಮೂವರಲ್ಲಿ ಒಬ್ಬ ಹಾರ್ಡ್‌ವಿಕ್ ರಾನ್‌ಸ್ಲಿ, ಕೆಸಿಕ್‌ಗೆ ಹೊಂದಿಕೊಂಡ ಕ್ರಾಸ್‌ತ್‌ವೇಟ್ ಚರ್ಚಿನ ಪಾದ್ರಿ. ಈ ಪಾದ್ರಿಯ ಹೆಸರು ನೆನಪಿರಲಿ.

ಕಣಿವೆ ಒಳಸರಿದಂತೆ ಇಕ್ಕಟ್ಟಾಗುತ್ತದೆ. ಅದರ ಕೊನೆಯ ಕವಲಿನಲ್ಲಿರುವ ಸೀತ್‌ವೇಟ್, ಇಂಗ್ಲೆಂಡಿನ ಜನವಸತಿಯಿರುವ ಊರುಗಳಲ್ಲಿ ಅತಿ ಹೆಚ್ಚು ಮಳೆ ಬೀಳುವ ತಾಣವೆಂದು ಹೆಸರಾದದ್ದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ. ವರ್ಷಕ್ಕೆ 7,000 ಮಿಲಿಮೀಟರು ಮೀರುವ ಆಗುಂಬೆಯವರು ಕೇಳಿದರೆ ನಕ್ಕಾರು. ಆದರೆ ನಮ್ಮ ಮಳೆ ನಾಲ್ಕು ತಿಂಗಳು ಸುರಿದು ನಿಲ್ಲುತ್ತದೆ, ಅಲ್ಲಿಯದು ವರ್ಷವಿಡೀ ಜಿನುಗುತ್ತದೆ. ಸೀತ್‌ವೇಟ್‌ನ ಮೇಲಿನ ಗುಡ್ಡದಲ್ಲಿ 16ನೆಯ ಶತಮಾನದಲ್ಲಿ ಅಪ್ಪಟ ಸೀಸದ ಕಡ್ಡಿಯ ವಸ್ತು, ಅಂದರೆ ಗ್ರಾಫೈಟು, ಸಿಕ್ಕಿತು. ಕುರುಬರು ಮೊದಲು ಅದರಿಂದ ಕುರಿಗಳ ಮೈಮೇಲೆ ಗುರುತು ಹಾಕಿದರು. ತೋಪಿನ ಗುಂಡುಗಳ ಅಚ್ಚಿಗೆ ಅದು ಒದಗುತ್ತದೆಂದು ತಿಳಿದ ಮೇಲೆ ಬೆಲೆ ಏರಿ, ಕಳ್ಳತನ ಹೆಚ್ಚಿ, 1752ರಲ್ಲಿ ಅದನ್ನು ಕದಿಯುವುದು ಘೋರ ಅಪರಾಧವೆಂದು ಪಾರ್ಲಿಮೆಂಟು ಕಾನೂನು ಮಾಡಿತು. ಜಗತ್ತಿನ ಪೆನ್ಸಿಲ್ಲುಗಳ ಕತೆ ಈ ಕಣಿವೆಯಿಂದ ಹೊರಟದ್ದು.

ಸೀಟಾಲರ್ ಎಂಬ ಹಳ್ಳಿಯಲ್ಲಿ ಹೊನಿಸ್ಟರ್ ಏರು ಮೊದಲಾಗುತ್ತದೆ. ಘಾಟಿಯ ನೆತ್ತಿ ಸಮುದ್ರಮಟ್ಟದಿಂದ 356 ಮೀಟರು. ನಮ್ಮ ಘಟ್ಟಗಳ ಮುಂದೆ ಇದು ಮಗು. ಆದರೆ ನಮ್ಮ ಘಟ್ಟದ ರಸ್ತೆಗಳು ತಿರುವು ತಿರುವಾಗಿ, ಎತ್ತಿನ ಮೇಲೆ ಕರುಣೆಯಿಟ್ಟು ಏರುತ್ತವೆ. ಇದು ಹಳ್ಳಿ ದಾಟಿದೊಡನೆ ನೇರವಾಗಿ ಬೆಟ್ಟದ ಎದೆಗೆ ಹತ್ತುತ್ತದೆ. ಕೆಲವೆಡೆ ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಅತಿ ಹಗುರದ ಗೇರಿಗೆ ಹಾಕಿದರೂ ಮುಂದಿನ ಚಕ್ರ ನೆಲ ಬಿಟ್ಟು ಏಳುವಂತಾಗುತ್ತದೆ. ಇಳಿದು ತಳ್ಳಿದೆ. ತಳ್ಳಿಕೊಂಡು ನಡೆಯುವವನಿಗೆ ಕುರಿಗಳು ಹತ್ತಿರದಿಂದ ಕಾಣುತ್ತವೆ. ಹರ್ಡ್‌ವಿಕ್ ಎಂಬ ತಳಿ. ಹುಟ್ಟುವಾಗ ಕಪ್ಪು, ಬೆಳೆದಂತೆ ಮೈ ಬೂದು, ಮುಖ ಬಿಳಿ. ಬೇಲಿಯಿಲ್ಲದ ಆ ಬೆಟ್ಟದಲ್ಲಿ ಪ್ರತಿ ಮಂದೆಗೂ ತನ್ನದೇ ಒಂದು ಮೇವಿನ ಎಲ್ಲೆಯಿದೆ. ಮರಿ ಅದನ್ನು ತಾಯಿಯ ಹಿಂದೆ ಅಲೆದು ಕಲಿಯುತ್ತದೆ. 2001ರಲ್ಲಿ ಕಾಲುಬಾಯಿ ರೋಗ ಬಂದು ಮಂದೆ ಮಂದೆಗಳನ್ನೇ ಕೊಲ್ಲಬೇಕಾದಾಗ, ಕುರಿಗಳ ಜೊತೆಗೆ ಈ ಕಲಿಕೆಯೂ ಅಳಿದೀತೆಂದು ಅಲ್ಲಿನ ರೈತರು ಕಂಗೆಟ್ಟಿದ್ದರು. ಬೆಟ್ಟ ಹೀಗೆ ನುಣ್ಣಗೆ, ಹಸುರಾಗಿ, ಮರವಿಲ್ಲದೆ ಕಾಣುವುದು ಬಹುಮಟ್ಟಿಗೆ ಶತಮಾನಗಳ ಕಾಲ ಮೇದ ಈ ಕುರಿಗಳ ಕೆಲಸ.

ಘಾಟಿಯ ನೆತ್ತಿಯಲ್ಲಿ ಸ್ಲೇಟುಕಲ್ಲಿನ ಗಣಿ. 1986ರಲ್ಲಿ ಮುಚ್ಚಿ 1997ರಲ್ಲಿ ಮತ್ತೆ ತೆರೆದದ್ದು. ನಾವು ಅಕ್ಷರ ತಿದ್ದಿದ ಹಲಗೆ ಆಂಧ್ರದ ಮಾರ್ಕಾಪುರದ ಕಡೆಯದಿದ್ದೀತು. ಇಲ್ಲಿನ ಹಸುರುಛಾಯೆಯ ಕಲ್ಲು ಮನೆಗಳ ಮಾಡಿಗೆ ಹೋಗುತ್ತದೆ. 19ನೆಯ ಶತಮಾನದ ಬಹುಕಾಲ ಈ ಕಲ್ಲು ಮೇಲಿನ ಗಣಿಯಿಂದ ಇಳಿಯುತ್ತಿದ್ದುದು ಮರದ ಜಾರುಬಂಡಿಗಳಲ್ಲಿ. ಹೊರೆ ತುಂಬಿದ ಬಂಡಿಯ ಮುಂದೆ ಒಬ್ಬ ಆಳು ನಿಂತು, ಹಿಡಿಗಳನ್ನು ಹಿಡಿದು, ಸಡಿಲ ಕಲ್ಲಿನ ಇಳಿಜಾರಿನಲ್ಲಿ ಓಡುತ್ತ ಬರಬೇಕು. ಎಡವಿದರೆ ಬಂಡಿ ಅವನ ಮೇಲೆ. ಕೆಳಗೆ ಇಳಿಸಿದ ಮೇಲೆ ಬರಿಯ ಬಂಡಿಯನ್ನು ಬೆನ್ನಿಗೇರಿಸಿ ಮತ್ತೆ ಹತ್ತಬೇಕು.

1883ರಲ್ಲಿ ಗಣಿಯವರು ಇಲ್ಲಿಂದ ಕೆಸಿಕ್ ಬಳಿಯ ಬ್ರೇತ್‌ವೇಟ್ ನಿಲ್ದಾಣಕ್ಕೆ ರೈಲುಹಾದಿ ಹಾಕಲು ಹೊರಟರು. ಕೂಡದೆಂದು ಎದ್ದವರ ಮುಂದಾಳು ನಾನು ಆಗ ಹೇಳಿದ ಪಾದ್ರಿ ರಾನ್‌ಸ್ಲಿ. ಪತ್ರಿಕೆಗಳಲ್ಲಿ ಗದ್ದಲವಾಯಿತು, ಯೋಜನೆ ಬಿದ್ದುಹೋಯಿತು. ಅಂದು ರೈಲು ಬಂದಿದ್ದರೆ ನಾನು ಈ ಮೌನದಲ್ಲಿ ಸೈಕಲ್ ತಳ್ಳುತ್ತಿರಲಿಲ್ಲ. ಆ ಮಟ್ಟಿಗೆ ಪಾದ್ರಿಗೆ ಋಣಿ. ಆದರೂ ಅಲ್ಲಿ ನಿಂತು ಆ ಇಳಿಜಾರನ್ನು ನೋಡುವಾಗ, ಬೆನ್ನಮೇಲೆ ಬಂಡಿ ಹೊತ್ತವನನ್ನು ಅಂದು ಯಾರಾದರೂ ಒಂದು ಮಾತು ಕೇಳಿದರೇ ಎನಿಸದಿರಲಿಲ್ಲ. ಇದಕ್ಕೂ 39 ವರ್ಷ ಮೊದಲು, 1844ರಲ್ಲಿ, ವಿಂಡರ್‌ಮಿಯರ್ ಕಡೆಗೆ ರೈಲು ಬರುವುದನ್ನು ವರ್ಡ್ಸ್‌ವರ್ತನೂ ವಿರೋಧಿಸಿದ್ದ. ಗಿರಣಿ ಕೆಲಸದ ಜನ ಹಿಂಡುಹಿಂಡಾಗಿ ಬಂದರೆ ಈ ಚೆಲುವು ಅವರಿಗೆ ದಕ್ಕದು ಎಂಬುದು ಅವನ ವಾದಗಳಲ್ಲಿ ಒಂದು. ಕವಿಯ ಮೇಲೆ ನನಗಿರುವ ಗೌರವ ದೊಡ್ಡದು, ಈ ವಾದ ಸಣ್ಣದು. ರಾನ್‌ಸ್ಲಿಯ ಹಿರಿಮೆಯೆಂದರೆ ಅವನು ಚೆಲುವನ್ನು ಕಾದದ್ದಷ್ಟೇ ಅಲ್ಲ, ಬಾಗಿಲನ್ನೂ ತೆರೆದಿಟ್ಟ.

ಇಳಿತ ಕಡಿದು. ಬ್ರೇಕಿನ ಮೇಲೆ ಬೆರಳು ಮರಗಟ್ಟಿದವು. ಕೆಳಗೆ ಬಟರ್‌ಮಿಯರ್ ಸರೋವರ, ಆಚೆ ತುದಿಯಲ್ಲಿ ಅದೇ ಹೆಸರಿನ ಹಳ್ಳಿ. ನಾವು ಚಹಾ ಕುಡಿದ ಈ ಊರಿನ ಹೋಟೆಲೊಂದರಲ್ಲಿ 1792ರ ಹೊತ್ತಿಗೆ ಮೇರಿ ರಾಬಿನ್ಸನ್ ಎಂಬ ಹದಿಹರೆಯದ ಹುಡುಗಿಯಿದ್ದಳು, ಹೋಟೆಲಿನವನ ಮಗಳು. ಪ್ರವಾಸಿಯೊಬ್ಬ ಅವಳ ರೂಪವನ್ನು ಪುಸ್ತಕದಲ್ಲಿ ಹೊಗಳಿ ಬರೆದ. ಆಮೇಲೆ ಬಂದವರೆಲ್ಲ ಸರೋವರವನ್ನು ನೋಡಿದಂತೆ ಅವಳನ್ನೂ ನೋಡಿ ಹೋದರು. 1802ರಲ್ಲಿ ದೊಡ್ಡ ಮನೆತನದವನೆಂದು ಹೇಳಿಕೊಂಡು ಬಂದ ಹ್ಯಾಟ್‌ಫೀಲ್ಡ್ ಎಂಬ ವಂಚಕ ಅವಳನ್ನು ಮದುವೆಯಾದ. ಅವನಿಗೆ ಆಗಲೇ ಹೆಂಡತಿಯಿದ್ದಳು. ಕೋಲ್‌ರಿಜ್ ಈ ಸುದ್ದಿಯನ್ನು ಲಂಡನ್ನಿನ ಪತ್ರಿಕೆಗೆ ಬರೆದ. ಮರುವರ್ಷ ಖೋಟಾ ಸಹಿಯ ಅಪರಾಧಕ್ಕಾಗಿ ಹ್ಯಾಟ್‌ಫೀಲ್ಡನನ್ನು ಕಾರ್ಲೈಲ್‌ನಲ್ಲಿ ಗಲ್ಲಿಗೇರಿಸಿದರು. ಮೇರಿ ಮುಂದೆ ಒಬ್ಬ ರೈತನ ಕೈಹಿಡಿದು ಸಂಸಾರ ನಡೆಸಿದಳು ಎಂಬುದೊಂದೇ ಈ ಕತೆಯಲ್ಲಿ ಸಮಾಧಾನದ ಸಂಗತಿ.

ನ್ಯೂಲ್ಯಾಂಡ್ಸ್ ಘಾಟಿ 333 ಮೀಟರು. ಮೊದಲಿನದಕ್ಕಿಂತ ತಗ್ಗು, ಆದರೆ ದಣಿದ ಕಾಲಿಗೆ ಹೆಚ್ಚು. ಅರ್ಧ ತುಳಿದೆ, ಅರ್ಧ ತಳ್ಳಿದೆ. ಅಲ್ಲಿಂದ ಕೆಸಿಕ್‌ವರೆಗೆ ಹೆಚ್ಚಿನದೆಲ್ಲ ಇಳಿಜಾರು, ಕಲ್ಲಿನ ಗೋಡೆಗಳ ನಡುವೆ. ದಾರಿಯ ಹಳ್ಳಿಗಳಲ್ಲಿ ಕೆಲವು ಮನೆಗಳಿಗೆ ಬೀಗ. ರಜೆಗೆ ಬಂದು ಹೋಗುವವರ ಮನೆಗಳು ಅವು. ಊರಿನ ಹುಡುಗರಿಗೆ ಊರಿನಲ್ಲೇ ಮನೆ ಕೊಳ್ಳಲಾಗದ ಬೆಲೆ. 2017ರಲ್ಲಿ ಯುನೆಸ್ಕೋ ಈ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಸಾಂಸ್ಕೃತಿಕ ಭೂದೃಶ್ಯವೆಂಬ ಹೆಸರಿನಲ್ಲಿ. ಕುರಿ ಸಾಕುವವರ ಮಕ್ಕಳು ಊರು ಬಿಟ್ಟರೆ ಆ ಹೆಸರಿನ ಮೊದಲ ಪದಕ್ಕೆ ಅರ್ಥ ಎಲ್ಲಿಂದ ಬರಬೇಕು? ಮಲೆನಾಡಿನ ಹೋಂಸ್ಟೇಗಳ ಫಲಕಗಳನ್ನು ಎಣಿಸುತ್ತ ಬಸ್ಸಿನಲ್ಲಿ ಹೋಗುವಾಗ ಈ ಪ್ರಶ್ನೆ ನನಗೆ ಮತ್ತೆ ಎದುರಾಗುತ್ತದೆ.

ಕೆಸಿಕ್‌ಗೆ ಪೆನ್ರಿತ್ ಕಡೆಯಿಂದ ರೈಲು ಬರುವುದು 1972ರಲ್ಲಿ ನಿಂತಿತು. ಹಳಿ ಕಿತ್ತ ಹಾದಿಯ ಒಂದು ಭಾಗ ಈಗ ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲು. 2015ರ ಡಿಸೆಂಬರಿನ ಪ್ರವಾಹದಲ್ಲಿ ಅದರ ಸೇತುವೆಗಳು ಕೊಚ್ಚಿಹೋಗಿ, ದುರಸ್ತಿಯಾಗಿ 2020ರಲ್ಲಿ ಮತ್ತೆ ತೆರೆಯಿತು. ಏರಿಲ್ಲದ, ಮೋಟಾರಿಲ್ಲದ ಆ ಹಾದಿಯಲ್ಲಿ ಮರುದಿನ ಮೊಮ್ಮಗಳು ತನ್ನ ಪುಟ್ಟ ಸೈಕಲ್ಲಿನಲ್ಲಿ ಮುಂದೆ ಹೋದಳು. ಮೊಣಕಾಲು ನೋವಿಗೆ ಎಣ್ಣೆ ತಿಕ್ಕಿಕೊಂಡು ನಾನು ಹಿಂದೆ ನಡೆದೆ.