ಗಡಿಯ ಠಾಣೆ



ಗಡಿಯೆಂದೊಡನೆ ನಮ್ಮ ಮನಸ್ಸಿಗೆ ಕೋಟೆಯೊಂದು ತೋರುತ್ತದೆ. ಆದರೆ ಕೋಟೆಯ ಗೋಡೆಯು ಒಮ್ಮೊಮ್ಮೆ ಕಾವಲುಗಾರನನ್ನೇ ಸೆರೆಯಲ್ಲಿಡುವುದುಂಟು. 1843ರಲ್ಲಿ ಸಿಂಧ್ ಪ್ರಾಂತವು ಇಂಗ್ಲಿಷರ ವಶವಾದ ಮೇಲೆ, ಅದರ ಉತ್ತರದ ಗಡಿಯಲ್ಲಿ ಹೀಗೆಯೇ ಆಯಿತು. ದಂಡಿನವರು ಬಾಗಿಲನ್ನು ಮುಚ್ಚಿಕೊಂಡು ಒಳಗೆ ಕುಳಿತರು. ಬುಗ್ತಿ ಮೊದಲಾದ ಬಲೂಚಿ ಪಂಗಡದವರು ಹೊರಗೆ ಹಳ್ಳಿಗಳನ್ನು ಸುಲಿದರು.

1847ರಲ್ಲಿ ಖಾನ್‌ಗಢಕ್ಕೆ ಬಂದ ಜಾನ್ ಜೇಕಬನು ಠಾಣೆಗಳನ್ನು ಬಯಲಿಗೆ ತಂದು, ಸವಾರರನ್ನು ಹಗಲಿರುಳು ಗಸ್ತು ತಿರುಗಿಸಿದನು. ಅವರೆಲ್ಲರೂ ಸಿಲ್ಲೇದಾರರು. ಈ ಮಾತು ಮೈಸೂರಿನವರಿಗೆ ಹೊಸದಲ್ಲ: ಕುದುರೆಯೂ ಆಯುಧವೂ ಸವಾರನವೇ, ಸಂಬಳದಿಂದಲೇ ಅವನು ಅವನ್ನು ನೋಡಿಕೊಳ್ಳತಕ್ಕದ್ದು. ಯುರೋಪಿಯನ್ ಅಧಿಕಾರಿಗಳು ಬೆರಳೆಣಿಕೆಯಷ್ಟೇ ಇದ್ದರು. ಆದುದರಿಂದ ಹೊರಠಾಣೆಗಳ ಹೊಣೆಯು ದೇಶೀಯ ಅಧಿಕಾರಿಗಳ ಮೇಲೆಯೇ ನಿಂತಿತು. ಅವರು ಅದನ್ನು ಚೆನ್ನಾಗಿ ನಿರ್ವಹಿಸಿದರು.

ದಂಡು, ನ್ಯಾಯ ಎರಡಕ್ಕೂ ಜೇಕಬನೇ ಒಡೆಯ. ಖಾಸಗಿ ಜನರು ಆಯುಧ ಧರಿಸಕೂಡದೆಂದು ಅವನು ವಿಧಿಸಿದನು. ತನ್ನ ಕಡೆಯ ಪ್ರಜೆಗಳೇ ಸೇಡಿಗಾಗಿ ಗಡಿಯನ್ನು ದಾಟಿ ಸುಲಿದರೂ ಅದು ಅಪರಾಧವೇ ಎಂದನು. ಎರಡು ಕಡೆಗೂ ಒಂದೇ ತಕ್ಕಡಿ! ಕ್ರಮೇಣ ಸುಲಿಗೆಯು ಅಡಗಿತು, ಕಾಲುವೆ, ರಸ್ತೆಗಳಾದವು, ಖಾನ್‌ಗಢವು ಜೇಕಬಾಬಾದ್ ಆಯಿತು. ಈಗ ಅದು ಪಾಕಿಸ್ತಾನದಲ್ಲಿದೆ.

1858ರಲ್ಲಿ ಜೇಕಬನು ಅಲ್ಲಿಯೇ ಮಡಿದನು. ಅಧಿಕಾರವೆಲ್ಲವೂ ಒಬ್ಬನ ಕೈಯಲ್ಲಿದ್ದರೆ ಕೆಲಸವು ಬೇಗ ಸಾಗುವುದು, ನಿಜ. ಆದರೆ ಅವನೇ ತಪ್ಪಿದರೆ ತಿದ್ದುವವರಾರು? ಆ ಒಬ್ಬನನ್ನು ಆರಿಸುವ ಹಕ್ಕು ಗಡಿಯ ಜನಕ್ಕೆ ಇರಲಿಲ್ಲ. ಅವನ ಒರಟು ಕೈಯನ್ನು ನಾವು ಹೊಗಳಬೇಕಾಗಿಲ್ಲ. ಆದರೆ ಗಡಿಯನ್ನು ಕಾದದ್ದು ಗೋಡೆಯಲ್ಲ, ಹೊಣೆ ಹೊತ್ತ ಸವಾರ ಮತ್ತು ಪಕ್ಷಪಾತವಿಲ್ಲದ ಕಟ್ಟಳೆ ಎಂಬುದನ್ನು ಮರೆಯಲಾಗದು.